ಮೊಸರಿನ ಬಟ್ಟಲು, ಸಿಹಿಯ ಗುಳಿಗೆ

ಕಳೆದ ಆಷಾಢದ ಮಳೆಯಲ್ಲಿ ಬೆಳಗೋಡು ಹೋಬಳಿಯ ತೋಟದ ಮನೆಯೊಂದರಲ್ಲಿ ನಡೆದ ಸಂಗತಿಯಿದು. ಮನೆಯ ಯಜಮಾನರು ಶ್ರೀಮಠದ ಸದ್ಭಕ್ತರು. ವಯಸ್ಸು ಅರುವತ್ತರ ಸಮೀಪ. ಮಧುಮೇಹ ಕಾಣಿಸಿಕೊಂಡು ಒಂಬತ್ತು ವರ್ಷ. ಮೊಬೈಲಿನಲ್ಲಿ ಕೇಳಿದ ಉಪದೇಶವೊಂದನ್ನು ನಂಬಿ ಅನ್ನ, ಅಕ್ಕಿರೊಟ್ಟಿ, ಕಡುಬುಗಳನ್ನು ಒಂದೇ ದಿನದಲ್ಲಿ ತೊರೆದರು. ಮಧ್ಯಾಹ್ನಕ್ಕೆ ಒಂದು ಬಟ್ಟಲು ಮೊಸರು, ಅದಕ್ಕೆ ಎರಡು ಸಿಹಿಗುಳಿಗೆ, ಜೊತೆಗೆ ನಾಲ್ಕು ಹೋಳು ಸೌತೆಕಾಯಿ. ಬೆಳಗಿನ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗುತ್ತಿದ್ದರು. ಹತ್ತನೆಯ ದಿನ ಆಳುಗಳೊಡನೆ ತೋಟದಲ್ಲಿ ನಿಂತಿದ್ದಾಗ, ಆ ಚಳಿಯಲ್ಲಿಯೂ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲತೊಡಗಿತು. ಮನೆಗೆ ಕರೆತಂದಾಗ ಮಗ ‘ಶುಗರ್ ಇಳಿದಿರಬೇಕು’ ಎಂದು ಸರಿಯಾಗಿಯೇ ಊಹಿಸಿದ. ಆದರೆ ಮನೆಯಲ್ಲಿ ಸಕ್ಕರೆಯ ಡಬ್ಬಿಯೇ ಇರಲಿಲ್ಲ. ವ್ರತ ಹಿಡಿದವರಂತೆ ಅದನ್ನು ಹೊರಹಾಕಿದ್ದರು. ಅವಸರದಲ್ಲಿ ಆತ ಆರು ಸಿಹಿಗುಳಿಗೆಗಳನ್ನು ನೀರಿನಲ್ಲಿ ಕರಗಿಸಿ ಕುಡಿಸಿದ. ನೀರು ಸಿಹಿಯಾಗಿಯೇ ಇತ್ತು. ತಂದೆಯ ನಡುಕ ನಿಲ್ಲಲಿಲ್ಲ.

ಆಗ ಒಳಗಿನಿಂದ ಬಂದವರು ಯಜಮಾನರ ವೃದ್ಧ ತಾಯಿ. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಆ ತಾಯಿ ಅದಕ್ಕೆಂದೇ ಬೆಲ್ಲದ ಅಚ್ಚೊಂದನ್ನು ಯಾರ ಮಾತಿಗೂ ಬಗ್ಗದೆ ತಮ್ಮ ಕೋಣೆಯಲ್ಲಿ ಉಳಿಸಿಕೊಂಡಿದ್ದರು. ಅದನ್ನು ಜಜ್ಜಿ ನೀರಿಗೆ ಕದಡಿ ಕುಡಿಸಿದ ಮೇಲೆ ಕಾಲುಗಂಟೆಯಲ್ಲಿ ಮಗನ ಮುಖ ತಿಳಿಯಾಯಿತು.

ಮರುವಾರ ಅವರು ನನ್ನಲ್ಲಿಗೆ ಬಂದಾಗ ಕೇಳಿದ್ದು ಎರಡು ಪ್ರಶ್ನೆ. ಈ ಪಥ್ಯದಲ್ಲಿ ಮೊಸರನ್ನು ಉಣ್ಣಬಹುದೇ? ಸಿಹಿಗುಳಿಗೆ ನಿರಪಾಯಕಾರಿಯೇ? ಅವರು ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೇ, ಅಂದರೆ ಮಾತ್ರೆಯದೇ, ಅವರನ್ನು ಆ ದಿನ ಕೆಡವಿದ್ದು. ಮೂರನ್ನೂ ಇಲ್ಲಿ ವಿಚಾರಿಸೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಿನಲ್ಲಿದ್ದಾರೆ. ಆದುದರಿಂದ ಇದು ಒಂದು ಮನೆಯ ಮಾತಾಗಿ ಉಳಿದಿಲ್ಲ.

ಜನರು ‘ಲೋ ಕಾರ್ಬ್’ ಎಂದು ಕರೆಯುವ ಪಥ್ಯದ ತಿರುಳು ಸರಳವಾದುದು. ಅನ್ನ, ರೊಟ್ಟಿ, ಮುದ್ದೆ, ಸಕ್ಕರೆ, ಬೆಲ್ಲ, ಹಣ್ಣು ಇವುಗಳಲ್ಲಿರುವ ಶರ್ಕರಪಿಷ್ಟವೇ ಕರುಳಿನಲ್ಲಿ ಕರಗಿ ರಕ್ತದ ಗ್ಲೂಕೋಸ್ ಆಗುತ್ತದೆ. ಅದನ್ನು ತಗ್ಗಿಸಿದರೆ ರಕ್ತದ ಸಕ್ಕರೆಯೂ ತಗ್ಗುತ್ತದೆ. ದಿನವೊಂದಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟವಿರುವ ಆಹಾರವನ್ನು ಸಾಮಾನ್ಯವಾಗಿ ಈ ಹೆಸರಿನಿಂದ ಕರೆಯುತ್ತಾರೆ. 20ರಿಂದ 50 ಗ್ರಾಂಗೆ ಇಳಿಸಿದರೆ ಅದು ‘ಕೀಟೋ’ ಎಂಬ ಕಠಿಣ ಪಥ್ಯ. ಈಗ ನಮ್ಮ ಎಲೆಯನ್ನು ನೋಡಿ. ಅಕ್ಕಿಹಿಟ್ಟಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದು ಶರ್ಕರಪಿಷ್ಟ. 60 ಗ್ರಾಂ ಹಿಟ್ಟಿನ ಎರಡು ಅಕ್ಕಿರೊಟ್ಟಿ ತಿಂದವರು ಬೆಳಗಿನ ಉಪಾಹಾರದಲ್ಲಿಯೇ 95 ಗ್ರಾಂ ಮುಟ್ಟಿರುತ್ತಾರೆ. ರಾಗಿಯಲ್ಲಿ ನಾರೂ ಕ್ಯಾಲ್ಸಿಯಂ ಕೂಡ ಹೆಚ್ಚು, ಅದು ಅದರ ಹಿರಿಮೆ. ಆದರೂ 100 ಗ್ರಾಂ ಹಿಟ್ಟಿನ ಮುದ್ದೆ ಸುಮಾರು 70 ಗ್ರಾಂ ಶರ್ಕರಪಿಷ್ಟವನ್ನು ಹೊತ್ತೇ ಬರುತ್ತದೆ. ‘ಮುದ್ದೆ ತಿಂದರೆ ಸಕ್ಕರೆ ಏರದು’ ಎಂಬ ಮಾತನ್ನು ನಮ್ಮ ಹಿರಿಯರು ದಿನವಿಡೀ ಗದ್ದೆಯಲ್ಲಿ ದುಡಿದು ಹೇಳಿದ್ದು; ಜೀಪಿನಲ್ಲಿ ಕುಳಿತು ತೋಟ ಸುತ್ತುವವರು ಅದನ್ನು ಹಾಗೆಯೇ ಎರವಲು ಪಡೆಯಲಾಗದು.

ಹೊರದೇಶಗಳಲ್ಲಿ ಈ ಪಥ್ಯವನ್ನು ಕಟ್ಟಿರುವುದು ಮಾಂಸ, ಮೀನು, ಮೊಟ್ಟೆಗಳ ಮೇಲೆ. ಲಿಂಗವಂತರ ಮನೆಗಳಿಗೆ ಆ ದಾರಿ ಇಲ್ಲ. ಅನ್ನವನ್ನು ತಗ್ಗಿಸಿದಾಗ ಹೊಟ್ಟೆ ತುಂಬಿಸುವ ಭಾರವನ್ನು ನಮ್ಮಲ್ಲಿ ಹೊರಬೇಕಾದುದು ಕಾಳು, ಬೇಳೆ, ಸೊಪ್ಪು, ಕಡಲೆಕಾಯಿ, ಪನೀರು ಮತ್ತು ಮೊಸರು. ಅದರಲ್ಲಿ ಪ್ರತಿ ಮನೆಯಲ್ಲಿಯೂ ಪ್ರತಿ ದಿನವೂ ಇರುವುದು ಮೊಸರು. ಆದುದರಿಂದಲೇ ಅದರ ಲೆಕ್ಕ ಸ್ಪಷ್ಟವಾಗಿರಬೇಕು.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. 100 ಗ್ರಾಂಗೆ ಸುಮಾರು ಐದು ಗ್ರಾಂ. ಹೆಪ್ಪು ಹಾಕಿದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಈ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಮೊಸರಿನ ಹುಳಿ ಬರುವುದು ಅದರಿಂದ. ಇಷ್ಟನ್ನು ಕೇಳಿದ ಕೆಲವರು ‘ಹುಳಿ ಬಂದ ಮೇಲೆ ಮೊಸರಿನಲ್ಲಿ ಸಕ್ಕರೆಯೇ ಇಲ್ಲ, ಎಷ್ಟು ಬೇಕಾದರೂ ಉಣ್ಣಬಹುದು’ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಈ ಮಾತಿನಲ್ಲಿ ಸತ್ಯದ ಎಳೆಯಿದೆ, ಆದರೆ ಅದನ್ನು ಬಹಳ ದೂರ ಎಳೆಯಲಾಗಿದೆ. ಆಮ್ಲವಾಗಿ ಮಾರ್ಪಡುವುದು ಲ್ಯಾಕ್ಟೋಸಿನ ಒಂದು ಭಾಗ ಮಾತ್ರ, ಹೆಚ್ಚೆಂದರೆ ಮೂರನೆಯ ಒಂದರಷ್ಟು. ಆಮ್ಲ ಹೆಚ್ಚಿದಂತೆ ಆ ಜೀವಿಗಳೇ ತಮ್ಮ ಹುಳಿಯಲ್ಲಿ ತಾವೇ ಸೊರಗಿ ಕೆಲಸ ನಿಲ್ಲಿಸುತ್ತವೆ. ಹೀಗಾಗಿ ಮನೆಯ ಮೊಸರಿನ 100 ಗ್ರಾಂನಲ್ಲಿ ಮೂರೂವರೆಯಿಂದ ನಾಲ್ಕೂವರೆ ಗ್ರಾಂ ಶರ್ಕರಪಿಷ್ಟ ಉಳಿಯುತ್ತದೆ ಎಂದು ಹಿಡಿಯಬಹುದು. ಒಂದು ಬಟ್ಟಲಿಗೆ, ಅಂದರೆ 150 ಗ್ರಾಂಗೆ, ಆರೇಳು ಗ್ರಾಂ. ಅದೇ ಬಟ್ಟಲಿನ ತುಂಬ ಅನ್ನ ಹಾಕಿದರೆ 40 ಗ್ರಾಂ. ಲೆಕ್ಕ ಇಷ್ಟು ಸರಳವಾಗಿರುವಾಗ ಮೊಸರಿಗೆ ಹೆದರಲು ಕಾರಣವಿಲ್ಲ. ಮೊಸರನ್ನವೆಂದರೆ ಮಾತ್ರ ಬಹುಪಾಲು ಅನ್ನವೇ, ಮೊಸರಿನ ಹೆಸರು ಮುಂದಿದ್ದರೂ.

ಕೆನೆ ತೆಗೆದ ಹಾಲೋ ಗಟ್ಟಿ ಹಾಲೋ ಎಂಬುದು ಸಕ್ಕರೆಯ ಲೆಕ್ಕವನ್ನು ಅಷ್ಟಾಗಿ ಬದಲಿಸದು. ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಶೇಕಡ 3ರಷ್ಟು ಕೊಬ್ಬಿದೆ, ಕೊಟ್ಟಿಗೆಯ ಎಮ್ಮೆಯ ಹಾಲಿನಲ್ಲಿ ಅದರ ಎರಡರಷ್ಟು. ಲ್ಯಾಕ್ಟೋಸ್ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಕೊಬ್ಬಿನ ಮೊಸರು ಬೇಗ ತೃಪ್ತಿ ಕೊಡುತ್ತದೆ, ಆದರೆ ಹೃದ್ರೋಗವಿರುವವರು ಅದರ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಬೇಕು. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ಗಂಟೆ ನೇತುಹಾಕಿದರೆ ನೀರಿನೊಡನೆ ಲ್ಯಾಕ್ಟೋಸಿನ ಒಂದಂಶವೂ ಬಸಿದುಹೋಗುತ್ತದೆ. ಉಳಿದ ಗಟ್ಟಿಯಲ್ಲಿ ಪ್ರೋಟೀನು ಸಾಂದ್ರವಾಗುತ್ತದೆ. ಸಾದಾ ಮೊಸರಿನ 100 ಗ್ರಾಂನಲ್ಲಿ ಮೂರು ಗ್ರಾಂ ಚಿಲ್ಲರೆ ಪ್ರೋಟೀನಿದ್ದರೆ, ಚೆನ್ನಾಗಿ ಬಸಿದ ಮೊಸರಿನಲ್ಲಿ ಅದು ಎರಡು ಮೂರು ಪಟ್ಟಾಗುತ್ತದೆ. ಉತ್ತರ ಕರ್ನಾಟಕದ ನಮ್ಮ ಬಂಧುಗಳು ಶ್ರೀಖಂಡಕ್ಕಾಗಿ ಮಾಡುವುದು ಇದನ್ನೇ. ಸಕ್ಕರೆ ಬೀಳುವ ಮೊದಲಿನ ಆ ಗಟ್ಟಿ ಮೊಸರೇ ಈ ಪಥ್ಯಕ್ಕೆ ಹೇಳಿಮಾಡಿಸಿದುದು. ಅದಕ್ಕೆ ಹೆಚ್ಚಿದ ಸೌತೆಕಾಯಿ, ಹಸಿಶುಂಠಿ, ಕೊತ್ತಂಬರಿ, ಇಂಗಿನ ಒಗ್ಗರಣೆ ಹಾಕಿ ನೋಡಿ.

ಇಲ್ಲೊಂದು ತೊಡಕು ನಮ್ಮ ಸೀಮೆಗೇ ವಿಶೇಷವಾದುದು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಸಕಲೇಶಪುರ, ಆಲೂರಿನ ಕಡೆ ಹೆಪ್ಪು ಕೂಡುವುದೇ ಕಷ್ಟ. ಮೊಸರಿನ ಜೀವಿಗಳು 40 ಡಿಗ್ರಿಯ ಆಸುಪಾಸಿನ ಬೆಚ್ಚನೆಯಲ್ಲಿ ಚುರುಕಾಗಿರುತ್ತವೆ. ಮಳೆಗಾಲದ ಅಡುಗೆಮನೆಯಲ್ಲಿ ಅವು ಮುದುಡಿ ಮಲಗುತ್ತವೆ. ರಾತ್ರಿ ಹಾಕಿದ ಹೆಪ್ಪು ಬೆಳಿಗ್ಗೆ ಲೋಳೆಯಾಗಿಯೋ ಹಾಲಾಗಿಯೋ ಉಳಿದಿರುವುದನ್ನು ಕಂಡು ಬೇಸತ್ತವರು ಅಂಗಡಿಯ ಸ್ವಾದಭರಿತ ಮೊಸರಿನ ಬಟ್ಟಲುಗಳಿಗೆ ಮೊರೆಹೋಗುತ್ತಾರೆ. ಮಾವು, ಸ್ಟ್ರಾಬೆರಿ ಚಿತ್ರವಿರುವ ಆ ಬಟ್ಟಲುಗಳಲ್ಲಿ 100 ಗ್ರಾಂಗೆ 12ರಿಂದ 15 ಗ್ರಾಂ ಶರ್ಕರಪಿಷ್ಟ ಇರುವುದು ಸಾಮಾನ್ಯ. ಹೆಚ್ಚಿನ ಪಾಲು ಮೇಲಿನಿಂದ ಸುರಿದ ಸಕ್ಕರೆ. ‘ಕೊಬ್ಬುರಹಿತ’ ಎಂದು ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿದ್ದರೆ ಹಿಂಭಾಗದ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಬೇಕು. ಅದಕ್ಕಿಂತ ನಮ್ಮ ಅಜ್ಜಿಯಂದಿರ ಉಪಾಯವೇ ಲೇಸು: ಉಗುರುಬೆಚ್ಚಗಿನ ಹಾಲಿಗೆ ಮಳೆಗಾಲದಲ್ಲಿ ಹೆಪ್ಪನ್ನು ಒಂದು ಚಮಚ ಹೆಚ್ಚಿಗೆ ಹಾಕುವುದು, ಪಾತ್ರೆಗೆ ಕಂಬಳಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿಯೋ ಆರಿದ ಒಲೆಯ ಮಗ್ಗುಲಲ್ಲಿಯೋ ಇಡುವುದು.

ಆಯುರ್ವೇದ ಮೊಸರಿನ ವಿಷಯದಲ್ಲಿ ಏನನ್ನುತ್ತದೆ ಎಂದು ಕೇಳುವವರಿದ್ದಾರೆ, ಕೇಳಬೇಕಾದುದೇ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಪ್ರಮೇಹ ಅಧ್ಯಾಯವು ರೋಗದ ಕಾರಣಗಳನ್ನು ಎಣಿಸುವಾಗ ಸುಖಾಸನ, ಸುಖನಿದ್ರೆ, ಹೊಸ ಧಾನ್ಯ, ಬೆಲ್ಲದ ತಿನಿಸುಗಳ ಜೊತೆಗೆ ಹಾಲು ಮೊಸರುಗಳನ್ನೂ ಸೇರಿಸಿದೆ. ರಾತ್ರಿ ಮೊಸರು ಬೇಡವೆಂಬ ವಿಧಿಯೂ ಅಲ್ಲಿಯದೇ. ಇತ್ತ ಆಧುನಿಕ ಅಧ್ಯಯನಗಳು ಮೊಸರುಣ್ಣುವವರಲ್ಲಿ ಎರಡನೆಯ ಬಗೆಯ ಮಧುಮೇಹ ಕೊಂಚ ಕಡಿಮೆಯೆಂದು ಸೂಚಿಸಿವೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ವಾರಕ್ಕೆ ಕನಿಷ್ಠ ಎರಡು ಕಪ್ ಮೊಸರು ಸೇವಿಸುವುದರಿಂದ ಈ ರೋಗದ ಸಂಭವ ತಗ್ಗಬಹುದೆಂದು, ಆದರೆ ಆಧಾರ ಸೀಮಿತವೆಂದೂ ಸೇರಿಸಿ, ಪೊಟ್ಟಣದ ಮೇಲೆ ಬರೆಯಲು ಅನುಮತಿಸಿತು. ನನಗೆ ಈ ಎರಡು ಮಾತುಗಳಲ್ಲಿ ದೊಡ್ಡ ಜಗಳ ಕಾಣುವುದಿಲ್ಲ. ಚರಕನ ಪಟ್ಟಿಯಲ್ಲಿ ಮೊಸರು ಒಂಟಿಯಾಗಿಲ್ಲ. ಉಂಡು ಮಲಗುವ, ಬೆಲ್ಲದ ಭಕ್ಷ್ಯಗಳ ಸುಖಜೀವನದ ನಡುವೆ ಕುಳಿತಿದೆ. ರಾತ್ರಿ ಮೊಸರು ಒಗ್ಗದವರಿಗೆ ಆ ಶಾಸ್ತ್ರವೇ ಹೊಗಳುವ ಮಜ್ಜಿಗೆಯಿದೆ. ಕಡೆದು ಬೆಣ್ಣೆ ತೆಗೆದು ನೀರು ಬೆರೆಸಿದ ಒಂದು ಲೋಟ ಮಜ್ಜಿಗೆಯಲ್ಲಿ ಶರ್ಕರಪಿಷ್ಟ ಎರಡು ಮೂರು ಗ್ರಾಂ ಅಷ್ಟೆ. ಒಂದೆಲಗ, ದೊಡ್ಡಪತ್ರೆಯ ತಂಬುಳಿ, ಬೂದುಗುಂಬಳದ ಮಜ್ಜಿಗೆಹುಳಿ ಇವೆಲ್ಲ ಯಾರೂ ಹೆಸರಿಡುವ ಮೊದಲೇ ನಮ್ಮಲ್ಲಿದ್ದ ಅಲ್ಪಪಿಷ್ಟದ ಅಡುಗೆಗಳು. ರಕ್ತದೊತ್ತಡವಿರುವವರು ಮಜ್ಜಿಗೆಗೆ ಉಪ್ಪನ್ನು ಹಿಡಿದು ಹಾಕಬೇಕು. ಮೂತ್ರಪಿಂಡದ ತೊಂದರೆಯಿರುವವರು ಮೊಸರು ಬೇಳೆಗಳನ್ನು ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು.

ಇನ್ನು ಸಿಹಿಗುಳಿಗೆಯ ವಿಚಾರ. ಇವುಗಳ ಜನನ ಕಥೆಯೇ ಸ್ವಾರಸ್ಯಕರ. 1879ರಲ್ಲಿ ಅಮೆರಿಕದ ಪ್ರಯೋಗಾಲಯದಿಂದ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತ ಫಾಲ್‌ಬರ್ಗ್ ಎಂಬ ರಸಾಯನಜ್ಞನಿಗೆ ಬೆರಳು ಸಿಹಿಯಾಗಿ ತೋರಿ ಸ್ಯಾಕರಿನ್ ಸಿಕ್ಕಿತು. 1965ರಲ್ಲಿ ಬೆರಳು ನೆಕ್ಕಿದ ಇನ್ನೊಬ್ಬನಿಂದ ಆಸ್ಪರ್ಟೇಮ್ ಬಂತು. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧಿಸುತ್ತಿದ್ದ ನಮ್ಮವರೇ ಆದ ಶಶಿಕಾಂತ ಫಡ್ನೀಸರು, ‘ಪರೀಕ್ಷಿಸು’ ಎಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ‘ರುಚಿ ನೋಡು’ ಎಂದು ಕೇಳಿಸಿಕೊಂಡು ನಾಲಗೆಗೆ ಇಟ್ಟಾಗ ಸುಕ್ರಲೋಸ್ ದೊರೆಯಿತೆಂದು ಪ್ರಸಿದ್ಧಿ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಅಣುವಿನಷ್ಟು ಸಾಕಾಗುವುದರಿಂದ ಇವು ರಕ್ತಕ್ಕೆ ಗ್ಲೂಕೋಸನ್ನು ಕೊಡುವುದಿಲ್ಲ. ಇದೇ ಅವುಗಳ ಉಪಯೋಗ. ಶುಗರ್ ಇಳಿದ ಹೊತ್ತಿನಲ್ಲಿ ಅವು ನಿರುಪಯೋಗಿಯಾಗುವುದೂ ಇದರಿಂದಲೇ.

ಸ್ಟೀವಿಯಾ ಪರಗ್ವೆ ದೇಶದ ಸಿಹಿಎಲೆಯ ಗಿಡದಿಂದ ಬರುತ್ತದೆ. ಅದರ ಸಾರಕ್ಕೆ 2015ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆ. ಎರಿಥ್ರಿಟಾಲ್, ಕ್ಸೈಲಿಟಾಲ್, ಮಾಲ್ಟಿಟಾಲ್ ಎಂಬವು ಬೇರೊಂದು ಗುಂಪು. ‘ಶುಗರ್ ಫ್ರೀ’ ಎಂದು ಮಾರುವ ಮಿಠಾಯಿಗಳಲ್ಲಿ ಮಾಲ್ಟಿಟಾಲ್ ಇದ್ದರೆ ಅದು ರಕ್ತದ ಸಕ್ಕರೆಯನ್ನು ತಕ್ಕಮಟ್ಟಿಗೆ ಏರಿಸಿಯೇ ಏರಿಸುತ್ತದೆ; ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ. ಪುಡಿಯ ರೂಪದ ಸಿಹಿಕಾರಕಗಳಿಗೆ ಗಾತ್ರ ಕೊಡಲು ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟ ಬೆರೆಸಿರುವುದುಂಟು. ತೋಟದ ಮನೆಗಳವರಿಗೆ ಇನ್ನೊಂದು ಮಾತು: ಕ್ಸೈಲಿಟಾಲ್ ನಾಯಿಗಳಿಗೆ ವಿಷ. ಉಳಿದ ತಿನಿಸನ್ನು ಅಂಗಳದ ನಾಯಿಗೆ ಹಾಕುವ ಮುನ್ನ ನೋಡಿ.

ನಿರಪಾಯಕಾರಿಯೇ ಎಂಬುದಕ್ಕೆ ಹೌದು ಇಲ್ಲ ಎಂಬ ಒಂದೇ ಪದದ ಉತ್ತರವಿಲ್ಲ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳದ್ದು’ ಎಂಬ ವರ್ಗಕ್ಕೆ ಸೇರಿಸಿದಾಗ ಬಹಳ ಜನ ಹೌಹಾರಿದರು. ಅದೇ ದಿನಗಳಲ್ಲಿ ಆಹಾರದ ಬೆರಕೆಗಳನ್ನು ಪರಿಶೀಲಿಸುವ ತಜ್ಞ ಸಮಿತಿಯು ದೇಹತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. 60 ಕಿಲೋ ತೂಗುವವರಿಗೆ ಅದು 2400 ಮಿಲಿಗ್ರಾಂ. ದಿನಕ್ಕೆ ಎರಡು ಗುಳಿಗೆ ಹಾಕಿಕೊಳ್ಳುವವರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಎರಿಥ್ರಿಟಾಲ್ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದುದನ್ನು 2023ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು ವರದಿಮಾಡಿದರು. ಅದರಿಂದಲೇ ಆಯಿತೆಂಬುದು ಇದರಿಂದ ಸಿದ್ಧವಾಗದು, ಆದರೂ ಹೃದ್ರೋಗಿಗಳು ಅದನ್ನು ದೂರವಿಡುವುದು ಒಳಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದು 2023ರ ಮೇ ತಿಂಗಳ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ: ತೂಕ ಇಳಿಸಲೆಂದು ಇಂತಹ ಸಿಹಿಕಾರಕಗಳನ್ನು ಅವಲಂಬಿಸಬೇಡಿ, ದೀರ್ಘಕಾಲದಲ್ಲಿ ಪ್ರಯೋಜನ ಕಾಣುತ್ತಿಲ್ಲ ಎಂದು ಅದು ಹೇಳಿತು. ಈಗಾಗಲೇ ಮಧುಮೇಹವಿರುವವರನ್ನು ಆ ಮಾರ್ಗಸೂಚಿ ಹೊರಗಿಟ್ಟಿದೆ ಎಂಬುದನ್ನೂ ಹೇಳಬೇಕು.

ಮಧುಮೇಹಿಗಳಿಗೆ ನಾನು ಹೇಳುವುದು ಇಷ್ಟು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕುತ್ತಿದ್ದವರು ಅದನ್ನು ಬಿಡುವ ಮೊದಲ ಕೆಲವು ವಾರ ಗುಳಿಗೆಯ ಆಸರೆ ಪಡೆಯಲಿ, ಕಾಲು ಮುರಿದವರು ಊರುಗೋಲು ಹಿಡಿಯುವಂತೆ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಆದುದರಿಂದ ಕಾಫಿಯನ್ನು ಇಳಿಸಿದ ಮೇಲೆ ಹಾಕಬೇಕು. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುರೋಗವಿರುವ ಮಕ್ಕಳಿಗೆ ಅದು ಕೂಡದು. ಆದರೆ ಮೊಸರಿಗೆ ಅದನ್ನು ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಮೊಸರು ತಾನಾಗಿಯೇ ಒಂದು ರುಚಿ. ಅದಕ್ಕೂ ಸಿಹಿ ಬೇಕೆನ್ನುವ ನಾಲಗೆ ನಾಳೆ ಶ್ರೀಖಂಡವನ್ನು, ನಾಡಿದ್ದು ಹೋಳಿಗೆಯನ್ನು ಕೇಳುತ್ತದೆ. ಸಿಹಿಯ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ಹಳೆಯ ಕಾಫಿಯೇ ಅತಿಯಾಗಿ ಸಿಹಿಯೆನಿಸುವುದನ್ನು ಅನೇಕರು ತಾವೇ ಕಂಡಿದ್ದಾರೆ.

ಸಕ್ಕರೆಗೆ ಬದಲಾಗಿ ಬೆಲ್ಲ, ಜೇನು ಬಳಸಿದರೆ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶವಿದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಆ ತಾಯಿಯ ಬೆಲ್ಲದ ನೀರು ಮಗನನ್ನು ಉಳಿಸಿದ್ದೇ ಇದಕ್ಕೆ ಸಾಕ್ಷಿ. ಅಪಾಯದಲ್ಲಿ ಸಕ್ಕರೆಯಂತೆ ಕೆಲಸ ಮಾಡಿದ್ದು ಹಬ್ಬದ ದಿನ ಬೇರೆಯಾಗಿ ವರ್ತಿಸದು.

ಈಗ ಅವರು ಕೇಳದೆ ಬಿಟ್ಟ ಪ್ರಶ್ನೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಗಳೂ ಇನ್ಸುಲಿನ್ನೂ ಅನ್ನ ಬರುತ್ತದೆಂಬ ಎಣಿಕೆಯಿಂದ ಕೆಲಸ ಮಾಡುವಂಥವು. ಅನ್ನ ಬಾರದಿದ್ದರೂ ಅವು ತಮ್ಮ ಕೆಲಸ ಬಿಡುವುದಿಲ್ಲ. ಆದುದರಿಂದ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಪಥ್ಯ ಆರಂಭಿಸುವ ಮೊದಲೇ ವೈದ್ಯರಿಗೆ ತಿಳಿಸಿ ಪ್ರಮಾಣ ತಗ್ಗಿಸಿಕೊಳ್ಳಬೇಕು; ತಾವಾಗಿ ಮಾತ್ರೆ ನಿಲ್ಲಿಸುವುದೂ ಅಷ್ಟೇ ತಪ್ಪು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳನ್ನು ತೆಗೆದುಕೊಳ್ಳುವವರು ಕೀಟೋದಂತಹ ಕಠಿಣ ಪಥ್ಯಕ್ಕೆ ಇಳಿದರೆ ರಕ್ತ ಆಮ್ಲೀಯವಾಗುವ ಗಂಡಾಂತರವಿದೆ. ಆಗ ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಾಗಿ ಕಾಣದಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ಅಳೆಯುವ ಸಾಧನವಿಲ್ಲದೆ ಬೆವರು, ನಡುಕ, ತೊದಲು ಕಂಡರೆ, ಮೂರು ಚಮಚ ಸಕ್ಕರೆಯನ್ನೋ ಅಷ್ಟೇ ಬೆಲ್ಲವನ್ನೋ ನೀರಿನಲ್ಲಿ ಕದಡಿ ಕುಡಿಸಿ; ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಚೇತರಿಸಿಕೊಂಡ ಮೇಲೆ ಊಟ ಕೊಡಿ. ವೋಗ್ಲಿಬೋಸ್ ಬೆರೆತ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ, ಬೆಲ್ಲ ಬೇಗನೆ ಒಡೆಯುವುದಿಲ್ಲ. ಅವರ ಮನೆಯಲ್ಲಿ ಔಷಧದಂಗಡಿಯ ಗ್ಲೂಕೋಸ್ ಪುಡಿಯೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಉಸಿರುನಾಳಕ್ಕೆ ಇಳಿಯುತ್ತದೆ. ಆಗ ಆಸ್ಪತ್ರೆಯೇ ದಾರಿ. ಮಳೆಗಾಲದಲ್ಲಿ ಹಳ್ಳಿಯಿಂದ ಸಕಲೇಶಪುರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ, ಆ ಭಕ್ತರು ಹೊರಡುವಾಗ ತಗ್ಗಿದ ದನಿಯಲ್ಲಿ ಕೇಳಿದ ಮಾತು. ಶ್ರೀಮಠದ ದಾಸೋಹದಲ್ಲಿ ಪಾಯಸ ಬಡಿಸಿದಾಗ ಏನು ಮಾಡುವುದು? ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಬೇಡವೆನ್ನಲು ನಾಲಗೆ ಏಳದು. ಎಲೆಯಲ್ಲಿ ಬಿಡಲೂ ಬಾರದು. ಬಡಿಸುವವರು ಬರುವಾಗಲೇ ‘ಒಂದು ಚಮಚ ಸಾಕು ಶರಣರೇ’ ಎನ್ನಿ ಎಂದೆ. ಪ್ರಸಾದಕ್ಕೆ ಸೌಟಿನ ಅಳತೆಯಿಲ್ಲ. ಬಡಿಸುವ ಶರಣರು ಯಾರೂ ಅದಕ್ಕೆ ನೊಂದುಕೊಂಡದ್ದನ್ನು ನಾನು ಕಂಡಿಲ್ಲ. ಪಂಕ್ತಿಯಲ್ಲಿ ಸಿಹಿ ಮೊದಲು ಬರುತ್ತದೆ, ಮಜ್ಜಿಗೆ ಕೊನೆಗೆ. ಉಣ್ಣುವ ಕ್ರಮವನ್ನು ನೀವು ತಿರುಗಿಸಿಕೊಳ್ಳಬಹುದು: ಪಲ್ಯ, ಕೋಸಂಬರಿ, ಬೇಳೆ ಮೊದಲು, ಅನ್ನ ಆಮೇಲೆ, ಆ ಒಂದು ಚಮಚ ಪಾಯಸ ಕಡೆಗೆ. ತರಕಾರಿ, ಪ್ರೋಟೀನುಗಳು ಮೊದಲು ಹೊಟ್ಟೆ ಸೇರಿದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ.

ಅವರ ಮಾತ್ರೆಯ ಪ್ರಮಾಣವನ್ನು ಈಗ ಇಳಿಸಲಾಗಿದೆ. ಬೆಳಿಗ್ಗೆ ಒಂದು ರೊಟ್ಟಿ, ಮಧ್ಯಾಹ್ನ ಅರ್ಧ ಬಟ್ಟಲು ಅನ್ನ, ಹೆಸರುಕಾಳಿನ ಹುಳಿ, ಸೊಪ್ಪು, ಸಿಹಿ ಬೀಳದ ಒಂದು ಬಟ್ಟಲು ಮೊಸರು; ದಿನಕ್ಕೆ 130 ಗ್ರಾಂನೊಳಗೆ ಸಲೀಸಾಗಿ ನಿಲ್ಲುತ್ತಾರೆ. ಗುಳಿಗೆಯ ಡಬ್ಬಿ ಬೆಳಗಿನ ಕಾಫಿಗೆ ಮಾತ್ರ ತೆರೆಯುತ್ತದೆ. ತಾಯಿಯ ಬೆಲ್ಲದ ಅಚ್ಚು ಮೊದಲಿದ್ದ ಕೋಣೆಯಲ್ಲಿಯೇ ಇದೆ. ಅದರ ಒಂದು ತುಂಡು ತೋಟಕ್ಕೆ ಹೋಗುವಾಗ ಅವರ ಅಂಗಿಯ ಕಿಸೆಯಲ್ಲಿರುತ್ತದೆ.